ಸಮುದ್ರ ಫ್ರೀ, ದಡಕ್ಕೆ ಮಾತ್ರ ಚಾರ್ಜು

ನಮ್ಮ ಮನೆಯ ಕಡೆಯುವ ಕಲ್ಲು ಉಡುಪಿಯಿಂದ ಮುಂಬಯಿಗೆ ಬಂದದ್ದು 1971ರಲ್ಲಿ, ಬಸ್ಸಿನ ನೆತ್ತಿಯ ಮೇಲೆ ಕೂತು. ಅಮ್ಮ ಬಸ್ಸಿನ ಒಳಗೆ, ಕಲ್ಲು ಬಸ್ಸಿನ ಮೇಲೆ. ಗೋಣಿ ಎತ್ತಲಾರದೆ ಏದುಸಿರು ಬಿಟ್ಟ ಕ್ಲೀನರ್ ಹುಡುಗ, "ಎಂತ ಅಮ್ಮ, ಇದರೊಳಗೆ ಕಲ್ಲುಂಟಾ?" ಎಂದು ಕೇಳಿದನಂತೆ. "ಹೌದು, ಕಲ್ಲೇ ಉಂಟು" ಎಂದಳಂತೆ ಅಮ್ಮ. ಅಲ್ಲಿಗೆ ತಪಾಸಣೆ ಮುಗಿಯಿತು. ಲಗೇಜಿಗೆ ಐದು ರೂಪಾಯಿ. ಬಿಲ್ಲೂ ಇಲ್ಲ, ಲೇಡಿಂಗೂ ಇಲ್ಲ.

ಅದೇ ಕಲ್ಲನ್ನು ಈಗ ಮುಂಬಯಿ ಪಕ್ಕದ ಡೊಂಬಿವಲಿಯಿಂದ ಮೆಲ್ಬರ್ನಿಗೆ ಕಳಿಸಬೇಕಾಗಿ ಬಂತು. ಮಗಳಿಗೆ ಬೇಕಂತೆ. ಅವಳು ಅದರಲ್ಲಿ ದೋಸೆಗೆ ಕಡೆಯುತ್ತಾಳೆ ಎಂದು ನೀವು ಅಂದುಕೊಂಡಿದ್ದರೆ, ನಿಮ್ಮ ಮಕ್ಕಳಿನ್ನೂ ಊರಲ್ಲೇ ಇದ್ದಾರೆ. ಕಲ್ಲು ಚಾವಡಿಯ ಮೂಲೆಯಲ್ಲಿ ಕೂರುತ್ತದೆ, ಗುಳಿಗೆ ನೀರು ತುಂಬಿ ನಾಲ್ಕು ಹೂ ತೇಲಿಬಿಡುತ್ತಾರೆ, ಬಂದವರೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಜೀವಮಾನವಿಡೀ ಅದರ ಮುಂದೆ ಕೂತು ರಟ್ಟೆ ಸವೆಸಿದ ಅಮ್ಮನ ಫೋಟೋ ನಮ್ಮಲ್ಲಿ ಒಂದೇ ಇದೆ, ಅದೂ ರೇಷನ್ ಕಾರ್ಡಿಗೆ ತೆಗೆಸಿದ್ದು.

ಇರಲಿ. ವಿಮಾನದಲ್ಲಿ ಕಲ್ಲು ಕಳಿಸಿದರೆ ಕಲ್ಲಿನ ತೂಕದ ಬೆಳ್ಳಿ ಮಾರಬೇಕಾದೀತು ಎಂದು ಹಡಗಿನ ದಾರಿ ಹಿಡಿದೆ. ಫೋರ್ಟಿನ ಹಳೆಯ ಕಟ್ಟಡವೊಂದರಲ್ಲಿ, ಲಿಫ್ಟ್ ಇದ್ದೂ ಮೆಟ್ಟಿಲೇ ಹತ್ತಬೇಕಾದ ಮೂರನೇ ಮಾಳಿಗೆಯಲ್ಲಿ, ನಮ್ಮ ಕಾಪು ಕಡೆಯ ಹುಡುಗನೊಬ್ಬ ಏಜೆಂಟ್. "ಹೆದರ್ಬೇಡಿ ಮಾರಾಯ್ರೆ, ಸಮುದ್ರ ಈಗ ಭಾರೀ ಚೀಪು" ಎಂದು ಕೊಟೇಶನ್ ಮುಂದಿಟ್ಟ.

22 ಸಾಲುಗಳಿದ್ದವು. ಅದರಲ್ಲಿ ಸಮುದ್ರದ್ದು ಒಂದು ಸಾಲು. ಆರೇಳು ಸಾವಿರ ಮೈಲಿ ನೀರು, ಅಲೆ, ಬಿರುಗಾಳಿ, ಕಪ್ತಾನನ ಸಂಬಳ ಎಲ್ಲ ಸೇರಿ ಆ ಸಾಲಿನಲ್ಲಿದ್ದ ಮೊತ್ತಕ್ಕೆ ನಾವು ಗಂಡ ಹೆಂಡತಿ ಮಾಟುಂಗಾದಲ್ಲಿ ಎರಡು ಸಲ ಊಟ ಮಾಡಬಹುದಿತ್ತು. ಉಳಿದ 21 ಸಾಲು ದಡದ್ದು. ಟರ್ಮಿನಲ್ ಹ್ಯಾಂಡ್ಲಿಂಗ್, ಡಾಕ್ಯುಮೆಂಟೇಶನ್, ಸೀಲು, ಪ್ಯಾಲೆಟ್ಟು, ಸಿ.ಎಫ್.ಎಸ್. ಎಂಬ ಕಂಟೇನರ್ ಗೋದಾಮು, ಎಣ್ಣೆಯ ಬೆಲೆ ಏರಿದರೆ ಒಂದು, ಡಾಲರ್ ಅಲುಗಾಡಿದರೆ ಇನ್ನೊಂದು, ಬಂದರಿನಲ್ಲಿ ರಶ್ಶಿದ್ದರೆ ಮತ್ತೊಂದು. ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಹೇಳಿದರು. ಅವರ ಕಾಲದಲ್ಲಿ ಮೂಗಾದರೂ ಕಾಣುತ್ತಿತ್ತು.

ಹದಿನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟೆ. "ಇದೆಂತ, ಕೆಂಪು ಸಮುದ್ರದ ಸರ್‌ಚಾರ್ಜು? ಮೆಲ್ಬರ್ನ್ ಇರುವುದು ಪೂರ್ವಕ್ಕಲ್ವಾ?"

"ಹೌದು ಮಾರಾಯ್ರೆ, ನಿಮ್ಮ ಹಡಗು ಆ ಕಡೆ ಹೋಗುದೇ ಇಲ್ಲ. ಆದ್ರೆ 2023ರ ಕೊನೆಗೆ ಯೆಮೆನಿನ ಹೂಥಿಗಳು ಅಲ್ಲಿ ಹಡಗುಗಳಿಗೆ ಹೊಡೀಲಿಕ್ಕೆ ಸುರು ಮಾಡಿದ್ರಲ್ಲ, ಆಗಿಂದ ಯುರೋಪಿನ ಹಡಗುಗಳೆಲ್ಲ ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತು ಹಾಕಿದ್ವು. ಹೋದ ಕಂಟೇನರ್ ಡಬ್ಬ ಖಾಲಿಯಾಗಿ ವಾಪಸ್ ಬರುದು ಹತ್ತು ಹದಿನೈದು ದಿನ ತಡ. ಇಲ್ಲಿ ಡಬ್ಬ ಸಿಗುದಿಲ್ಲ. ಅದಕ್ಕೆ."

ಪಕ್ಕದ ಕೇರಿಯಲ್ಲಿ ಜಗಳವಾದರೆ ನಮ್ಮ ಮನೆಯ ಹಾಲಿನವ ಲೀಟರಿಗೆ ಐದು ರೂಪಾಯಿ ಹೆಚ್ಚು ಕೇಳಿದ ಹಾಗೆ. ಆದರೆ ಹುಡುಗ ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ನಾನು ಹೂಥಿಗಳ ಪಾಲನ್ನು ಒಪ್ಪಿಕೊಂಡೆ.

ಈ ಡಬ್ಬದ ಕತೆಯೇ ವಿಚಿತ್ರ. ಅಮೆರಿಕದ ಲಾರಿ ಮಾಲೀಕ ಮ್ಯಾಲ್ಕಂ ಮೆಕ್‌ಲೀನ್, ಹಡಗಿಗೆ ಮೂಟೆ ಮೂಟೆಯಾಗಿ ಸರಕು ಏರಿಸುವುದನ್ನು ನೋಡಿ ಬೇಸತ್ತು, ಲಾರಿಯ ಡಬ್ಬವನ್ನೇ ಎತ್ತಿ ಹಡಗಿನ ಮೇಲಿಟ್ಟರೇನು ಎಂದುಕೊಂಡ. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಡಗು 58 ಡಬ್ಬ ಹೊತ್ತು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಟನ್ನಿಗೆ 5 ಡಾಲರ್ 86 ಸೆಂಟ್ ಬೀಳುತ್ತಿದ್ದ ಏರಿಸುವ ಖರ್ಚು 16 ಸೆಂಟಿಗೆ ಇಳಿಯಿತು ಎಂದು ಈ ವ್ಯವಹಾರದವರೆಲ್ಲ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಉಳಿದ 5 ಡಾಲರ್ 70 ಸೆಂಟ್ ಎಲ್ಲಿ ಹೋಯಿತು ಎಂದು ಯಾರೂ ಹೇಳುವುದಿಲ್ಲ. ಅದು ಎಲ್ಲೂ ಹೋಗಿಲ್ಲ ಸ್ವಾಮಿ, 21 ಸಾಲುಗಳಾಗಿ ಅವತಾರವೆತ್ತಿ ನನ್ನ ಕೈಯಲ್ಲಿದೆ. ಆ ಮೂಟೆ ಹೊತ್ತು ಬದುಕುತ್ತಿದ್ದ ಬಂದರು ಕಾರ್ಮಿಕರು ಮಾತ್ರ ಯಾವ ಸಾಲಿನಲ್ಲೂ ಇಲ್ಲ.

ಸಣ್ಣ ಡಬ್ಬ 20 ಅಡಿ ಉದ್ದ, 8 ಅಡಿ ಅಗಲ. ಅಂದರೆ 160 ಚದರಡಿ. ಈ ಅಂಕೆ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಮುಂಬಯಿಯವರಿಗೆ ಅನಿಸುವುದು ಸಹಜ. ವರ್ಲಿ, ನಾಯಗಾಂವ್‌ಗಳ ಬಿ.ಡಿ.ಡಿ. ಚಾಳಿನ ಖೋಲಿಯೂ, ಅಂದರೆ ಸರಕಾರ ಕಟ್ಟಿಸಿದ ವಠಾರದ ಕೋಣೆಯೂ, 160 ಚದರಡಿಯೇ ಇತ್ತು. ಮೆಕ್‌ಲೀನ್‌ಗೆ ಹೊಳೆಯುವ ಮೂವತ್ತು ವರ್ಷ ಮೊದಲೇ, 1920ರ ದಶಕದಲ್ಲಿ, ಮನುಷ್ಯರನ್ನು ಅದೇ ಅಳತೆಯಲ್ಲಿ ಒಂದರ ಮೇಲೊಂದು ಪೇರಿಸಿ ಮುಂಬಯಿ ತೋರಿಸಿತ್ತು. ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಅಷ್ಟೆ.

ನನ್ನ ಕಲ್ಲಿಗೆ ಇಡೀ ಡಬ್ಬ ಬೇಡ. ಇತರರ ಸರಕಿನ ಜತೆ ಬಿಡಾರ ಹೂಡಿದರೆ ಸಾಕು. ಅದಕ್ಕೆ ಘನಮೀಟರ್ ಲೆಕ್ಕ. ಕಲ್ಲು ಕಾಲು ಘನಮೀಟರ್ ಕೂಡ ಇಲ್ಲ. ಆದರೆ ಕನಿಷ್ಠ ಒಂದಕ್ಕೆ ದುಡ್ಡು ಕಟ್ಟಬೇಕು. "ಹಾಗಾದ್ರೆ ಮುಕ್ಕಾಲು ಪಾಲು ಗಾಳಿಗೆ ಬಾಡಿಗೆ ಕೊಡುವುದಾ?" ಎಂದಳು ನನ್ನವಳು. ಈ ಒಂದು ಮಾತನ್ನು ಅವಳು ಫೋನಿನಲ್ಲಿ ತಂಗಿಗೆ ಹೇಳಬಾರದಿತ್ತು. ಭಾನುವಾರದೊಳಗೆ ಡೊಂಬಿವಲಿ, ಮುಲುಂಡ್, ನೆರೂಲ್‌ಗಳಿಂದ ಗಾಳಿ ತುಂಬಲು ಜನ ಬಂದರು. ಮೆಲ್ಬರ್ನಿನಲ್ಲಿ ಇಷ್ಟು ಸಂಬಂಧಿಕರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಹಿತ್ತಾಳೆ ದೀಪ, ಇಡ್ಲಿಯ ಅಟ್ಟ, ಹೆರೆಮಣೆ, ಹಾಸಿಗೆಯೊಳಗೆ ಸುತ್ತಿಟ್ಟ ಹತ್ತು ಕಿಲೋ ಹಪ್ಪಳ. ಹಪ್ಪಳವನ್ನು ನಾನೇ ಹೊರಗೆಳೆದೆ. ಅತ್ತಿಗೆ ಇವತ್ತಿಗೂ ಮಾತಾಡುತ್ತಿಲ್ಲ.

ಪಟ್ಟಿ ತೆಗೆದುಕೊಂಡು ಹೋದರೆ ಏಜೆಂಟ್ ಮೆಟ್ಟುಕತ್ತಿಯ ಮುಂದೆ ನಿಂತುಬಿಟ್ಟ. "ಇದನ್ನು ಇಂಗ್ಲಿಷಲ್ಲಿ ಎಂತ ಹೇಳುದು? ಕಾಲಲ್ಲಿ ಮೆಟ್ಟುವ ಖಡ್ಗ ಅಂತ ಬರೆದ್ರೆ ಇಬ್ಬರೂ ಒಳಗೆ." ಅದನ್ನು ಬಿಟ್ಟೆವು. ಆಮೇಲೆ ಕಲ್ಲಿಗೆ ಬಂದ. ಜಗತ್ತಿನ ಪ್ರತಿಯೊಂದು ಸರಕಿಗೂ ಕಸ್ಟಮ್ಸಿನಲ್ಲಿ ಒಂದು ಅಂಕೆಯುಂಟು. ಬೀಸುವ, ಅರೆಯುವ ಕಲ್ಲುಗಳಿಗೆಂದೇ 6804 ಎಂಬ ಗೋತ್ರವಿದೆ. ಗೋತ್ರ ಸಿಕ್ಕಿತು, ತೊಡಕು ಎಣಿಕೆಯಲ್ಲಿ.

"ಇದು ಒಂದು ನಗವಾ, ಅಂದ್ರೆ ಒಂದು ಪೀಸಾ, ಎರಡಾ?"

"ಕಲ್ಲು ಒಂದು, ಗುಂಡುಕಲ್ಲು ಒಂದು. ಎರಡು."

"ಎರಡು ಬರೆದ್ರೆ ಗುಂಡಿಗೆ ಬೇರೆ ಸಾಲು, ಬೇರೆ ವಿವರಣೆ. ಉದ್ದಕ್ಕೆ, ನುಣ್ಣಗೆ, ಕಪ್ಪಗೆ, ತಲೆ ಉರುಟು. ನೀವೇ ಯೋಚಿಸಿ ಮಾರಾಯ್ರೆ, ಪೆಟ್ಟಿಗೆ ತೆರೆದವನಿಗೆ ಅದು ಯಾವುದರ ಹಾಗೆ ಕಂಡೀತು?"

ಯೋಚಿಸಿದೆ. ಬೆವರಿದೆ. ದೇಶದಿಂದ ಹಳೆಯ ವಿಗ್ರಹ ಸಾಗಿಸಿದವರ ಸುದ್ದಿ ಪೇಪರಿನಲ್ಲಿ ಓದಿದವ ನಾನು.

"ಒಂದೇ ಅಂತ ಬರೆಯಿರಿ. ತಾಯಿ ಮಗು ಒಂದೇ ಟಿಕೆಟಲ್ಲಿ ಹೋಗ್ಲಿ" ಎಂದ ಏಜೆಂಟ್. ಬರೆದೆವು.

ಮುಂದಿನ ಪ್ರಶ್ನೆ: ಕಲ್ಲಿನ ಪ್ರಾಯ ಎಷ್ಟು? ನಾನು ಎದೆಯುಬ್ಬಿಸಿ, "ನಮ್ಮ ಮುತ್ತಜ್ಜಿ ತವರಿಂದ ತಂದದ್ದು. ನೂರೈವತ್ತು ವರ್ಷ ಎಲ್ಲಿಗೂ ಹೋಗಿಲ್ಲ" ಎಂದೆ. ಹುಡುಗ ಎದ್ದು ಬಾಗಿಲು ಹಾಕಿ ಬಂದ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಕಡೆಯುವ ಕಲ್ಲು ಪುರಾತನವೋ ಬರೀ ಹಳತೋ ಎಂದು ಯಾರಾದರೂ ತಗಾದೆ ತೆಗೆದರೆ, ಅಲ್ಲವೆಂದು ತೋರಿಸಲು ಇನ್ನೊಂದು ಸರ್ಟಿಫಿಕೇಟಿಗೆ ಓಡಬೇಕು. "ಆದ್ದರಿಂದ ಮಾರಾಯ್ರೆ, ಸರಿಯಾಗಿ ನೆನಪು ಮಾಡಿ ಹೇಳಿ."

ಸರಿಯಾಗಿ ನೆನಪು ಮಾಡಿದೆ. ಅಮ್ಮನ ಮದುವೆಗೆ ಹೊಸತಾಗಿ ಕೊಂಡದ್ದು ಎಂದು ನೆನಪಾಯಿತು. ನಾಲ್ಕು ತಲೆಮಾರು ಜಂಬ ಕೊಚ್ಚಿಕೊಂಡ ಕಲ್ಲು ಐನೂರು ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ ತೊಂಬತ್ತು ವರ್ಷ ಕಿರಿದಾಯಿತು. ಆದರೂ ಫಾರಮ್ಮಿನಲ್ಲಿ 'ತಯಾರಾದ ವರ್ಷ' ಎಂಬ ಖಾನೆ ನೋಡಿದಾಗ ಕೈ ನಡುಗಿತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಎಂದು ಫಲಕವೇ ಹಾಕಿದ್ದಾರೆ. ನಮ್ಮ ಕಲ್ಲೂ ಅದರ ದಾಯಾದಿಯಾದರೆ? ಖಾನೆಯಲ್ಲಿ ನಾಲ್ಕೇ ಅಂಕೆಗೆ ಜಾಗವಿದ್ದುದು ಪುಣ್ಯ.

ಮರದ ಪೆಟ್ಟಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹುಳ ಸಾಯಲೆಂದು ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾಯಬೇಕು, ಆಮೇಲೆ ತೆನೆಯ ಗುರುತಿನ ಮುದ್ರೆ ಹೊಡೆಯುತ್ತಾರೆ. ಮೇ ತಿಂಗಳ ಡೊಂಬಿವಲಿ ಲೋಕಲ್ಲಿನಲ್ಲಿ ಮೂವತ್ತೈದು ವರ್ಷ ವಿ.ಟಿ.ಗೆ ಹೋಗಿ ಬಂದವ ನಾನು. ನನಗೆ ಯಾರೂ ಮುದ್ರೆ ಹೊಡೆಯಲಿಲ್ಲ.

ಟೆಂಪೋ ಹೊರಟಿತು. ಇತ್ತ 21.8 ಕಿಲೋಮೀಟರಿನ ಅಟಲ್ ಸೇತು ಶಿವಡಿಯಿಂದ ಬಂದರಿರುವ ನ್ಹಾವಾ ಶೇವಾಕ್ಕೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಿಸುತ್ತದೆ ಎನ್ನುತ್ತಾರೆ. ಡೊಂಬಿವಲಿಯವರಿಗೆ ಶೀಲ್‌ಫಾಟಾದ ರಸ್ತೆಯೇ ಗತಿ. ಮಧ್ಯಾಹ್ನ ಉರಣದ ದ್ರೋಣಗಿರಿ ತಲುಪಿದೆವು. ಹೌದು, ದ್ರೋಣಗಿರಿಯೇ. ಸಂಜೀವಿನಿಗಾಗಿ ಹನುಮಂತ ಬುಡಸಮೇತ ಕಿತ್ತೊಯ್ದ ಬೆಟ್ಟದ ಹೆಸರು. ಅದೇ ಹೆಸರಿನ ಗುಡ್ಡದ ಆಸುಪಾಸಿನಲ್ಲೇ ಈಗ ಕಂಟೇನರ್ ಯಾರ್ಡುಗಳ ಸಾಲು. ಯೋಚಿಸಿ ನೋಡಿ: ಮಣ್ಣು, ಬೇರು, ಬೀಜ, ಹೆಸರು ಗೊತ್ತಿಲ್ಲದ ಔಷಧಿ ಗಿಡ, ತೂಕ ಘೋಷಿಸಿಲ್ಲ, ಹೊಗೆ ಹಾಕಿಲ್ಲ, ಶಿಪ್ಪಿಂಗ್ ಬಿಲ್ ಇಲ್ಲ. ಆದರೂ ಒಂದೇ ರಾತ್ರಿಯಲ್ಲಿ ಸಮುದ್ರದಾಚೆ ಡೆಲಿವರಿ. ಇವತ್ತಾಗಿದ್ದರೆ ಗೇಟಿನಲ್ಲೇ ಬೆಟ್ಟ ಇಳಿಸಿ, "ಬ್ರೋಕರ್ ಯಾರು?" ಎಂದು ಕೇಳುತ್ತಿದ್ದರು. ಲಕ್ಷ್ಮಣನ ಕಡೆಯವರು ತಡವಾದ ದಂಡ ಡೆಮರೇಜ್ ಕಟ್ಟಬೇಕಾಗುತ್ತಿತ್ತು.

ನಮ್ಮನ್ನೂ ಗೇಟಿನಲ್ಲಿ ನಿಲ್ಲಿಸಿದರು. ಕಾಗದದಲ್ಲಿ ಒಂಬತ್ತು ನಗ, ಟೆಂಪೋದಲ್ಲಿ ಹತ್ತು. ಜತೆಗಿಟ್ಟರೆ ಉರುಳಿ ಕಲ್ಲು ಒಡೆದೀತೆಂದು ಬಡಗಿ ಗುಂಡುಕಲ್ಲನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿದ್ದ. ನಾನು ಹಿಂದಿಯಲ್ಲಿ, ಮರಾಠಿಯಲ್ಲಿ, ಕೊನೆಗೆ ಸಿಟ್ಟಿಗೆ ತುಳುವಿನಲ್ಲಿ ವಿವರಿಸಿದೆ. ಹೊರೆ ಹೊರುವ ಮಾಥಾಡಿಗಳಿಗೆ ಅರ್ಥವಾಯಿತು, ಅವರ ಮನೆಯಲ್ಲೂ ಅಂಥದ್ದು ಇದ್ದಿರಬೇಕು. ಕಂಪ್ಯೂಟರಿನ ಮುಂದೆ ಕೂತವನಿಗೆ ಆಗಲಿಲ್ಲ. "ಒಂಬತ್ತು ಅಂದರೆ ಒಂಬತ್ತು." ತಾಯಿ ಒಳಗೆ ಹೋಯಿತು. ಮಗು ಅದೇ ಟೆಂಪೋದಲ್ಲಿ ಡೊಂಬಿವಲಿಗೆ ವಾಪಸ್ ಬಂತು. ಹಿಂದಿರುಗುವ ಬಾಡಿಗೆ ಬೇರೆ.

ಹದಿನೈದು ದಿನ ಬಿಟ್ಟು ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನವರು ಕೊಡುವ ಸರಕಿನ ರಸೀದಿ, ಬಂತು. ಮೂರು ಪ್ರತಿ, ಮೂರೂ ಒರಿಜಿನಲ್. ಘಾರಾಪುರಿಯ ಎಲಿಫೆಂಟಾ ಗುಹೆಯ ತ್ರಿಮೂರ್ತಿಯ ಹಾಗೆ, ಮೂರು ಮುಖ ಒಂದೇ ದೇವರು. ಒಂದನ್ನು ತೋರಿಸಿ ಸರಕು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆಯಿಲ್ಲ. ಅದರಲ್ಲೊಂದು ಮಾತು ನನಗೆ ತುಂಬ ಹಿಡಿಸಿತು. ನಮ್ಮ ಸಾಮಾನಿನ ಪಟ್ಟಿಯ ಮೇಲೆ, 'ಒಳಗೆ ಇದೆಯೆಂದು ಹೇಳಲಾಗಿದೆ' ಎಂಬರ್ಥದಲ್ಲಿ ಬರೆದಿದ್ದರು. ಇದೆ ಎಂದಲ್ಲ, ಇದೆಯೆಂದು ಹೇಳಲಾಗಿದೆ. ಅಷ್ಟು ಎಣಿಸಿ, ತೂಗಿ, ಪ್ರಾಯ ಕೇಳಿ, ಗುಂಡುಕಲ್ಲನ್ನು ಮನೆಗೆ ಅಟ್ಟಿದ ಮೇಲೆ, ಒಳಗೆ ಏನಿದೆಯೋ ನಮಗೆ ಗೊತ್ತಿಲ್ಲಪ್ಪ ಎಂದು ಕೈ ತೊಳೆದುಕೊಂಡಿದ್ದರು. ಜಾತಕ ತರುವ ದಲ್ಲಾಳಿಗಳು ಈ ವಾಕ್ಯವನ್ನು ಕಲಿತುಕೊಳ್ಳಬೇಕು. ಹುಡುಗ ಒಳ್ಳೆಯವನೆಂದು ಹೇಳಲಾಗಿದೆ.

ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಹಡಗಿಗೆ ಆಪತ್ತು ಬಂದು, ಅದನ್ನು ಉಳಿಸಲು ಖರ್ಚಾದರೆ, ಸರಕಿನ ಒಡೆಯರೆಲ್ಲ ಪಾಲು ಹಾಕಬೇಕಂತೆ. ಏಜೆಂಟಿಗೆ ಫೋನ್ ಮಾಡಿದೆ. "ಹೌದು ಮಾರಾಯ್ರೆ, ಜನರಲ್ ಆವರೇಜ್. 2021ರಲ್ಲಿ 'ಎವರ್ ಗಿವನ್' ಸೂಯೆಜಿನಲ್ಲಿ ಆರು ದಿನ ಅಡ್ಡ ಬಿದ್ದಾಗ ಅದನ್ನೇ ಮಾಡಿದ್ರು." ಹಡಗು ಹಗುರಾಗಲೆಂದು ಸರಕನ್ನು ಸಮುದ್ರಕ್ಕೆ ಎಸೆದರೂ ಆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು, ಕಾನೂನು ಹುಟ್ಟಿದ್ದೇ ಅದಕ್ಕಂತೆ. ಹಗುರ ಮಾಡಲು ಮೊದಲು ಯಾವುದನ್ನು ಎಸೆದಾರು? ನನ್ನವಳಿಗೆ ಹೇಳಲಿಲ್ಲ.

ಎಸೆಯಲಿಲ್ಲ. ಮೆಲ್ಬರ್ನಿಗೆ ತಲುಪಿತು. ಅಲ್ಲಿ ಬೀಜ, ಮಣ್ಣು, ಧಾನ್ಯ ಎಂದರೆ ಹಾವು ಕಂಡ ಹಾಗೆ. ಕಲ್ಲಿನ ಉಳಿಗೆರೆಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತಂತೆ. ಅಕ್ಕಿ. ಯಾವ ದಶಕದ್ದೋ ನೀರುದೋಸೆ. ಅದು ತನಿಖೆಯಾಗಿ, ತೊಳೆದು, ಶುದ್ಧವಾಗುವ ತನಕ ಅದೇ ಡಬ್ಬದಲ್ಲಿ ಬಂದ ಸೋಲಾಪುರದ ಟವೆಲುಗಳೂ ಕಾದವು. ಬಾಡಿಗೆ 'ಪ್ರೀಪೇಯ್ಡ್' ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೂ ಮಗಳ ಕೈಗೆ ಹದಿನೇಳು ಸಾಲಿನ ಇನ್ನೊಂದು ಬಿಲ್ ಬಂತು. ಆ ದಡದ್ದು.

"ಅಪ್ಪ, ಕಲ್ಲು ಬಂತು" ಎಂದು ವಿಡಿಯೋದಲ್ಲಿ ತೋರಿಸಿದಳು. ಹೂ ತೇಲುತ್ತಿದ್ದವು. "ಗುಂಡುಕಲ್ಲು ಇಲ್ದೆ ನೋಡಿದವರೆಲ್ಲ ನಾಯಿಗೆ ನೀರಿಡುವ ಬಟ್ಟಲಾ ಅಂತ ಕೇಳ್ತಾರೆ. ಅದೊಂದು ಕಳಿಸ್ತೀರಾ?"

14 ಕಿಲೋ. ಏಜೆಂಟಿಗೆ ಫೋನ್ ಮಾಡಿದೆ.

"ಕನಿಷ್ಠ ಒಂದು ಘನಮೀಟರ್ ಮಾರಾಯ್ರೆ. ಆದ್ರೆ ನೀವು ಲಕ್ಕಿ, ಈ ತಿಂಗಳು ಭಾರೀ ಕಾಂಪಿಟಿಶನ್. ಸಮುದ್ರ ಪೂರ್ತಿ ಫ್ರೀ!"

"ಉಳಿದ 21 ಸಾಲು?"

"ಅದು ಹಾಗೇ ಉಂಟು."

ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟು ಬಾಲ್ಕನಿಗೆ ಬಂದೆ. ತುಳಸಿ ಕುಂಡದ ಪಕ್ಕ ಗುಂಡುಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆತ್ತಿಗೆ ನನ್ನವಳು ದಾಸವಾಳ ಇಟ್ಟಿದ್ದಳು.