ಮಂತ್ರಿ ನಿಂತಲ್ಲಿಂದ ಕಾಣುವಷ್ಟು ಹಡಗು

ಮುಂಬಯಿಯಲ್ಲಿ ಹಳೆಯ ಹಡಗು ಉಳಿಸುವುದಕ್ಕೂ ಒಂದು ಶಾಸ್ತ್ರವಿದೆ: ಮೊದಲು ಸಮಿತಿ, ಆಮೇಲೆ ಬಣ್ಣ, ಸಮಯ ಉಳಿದರೆ ಹಡಗು. 'ಯುವಜನರಿಗೆ ನಾವಿಕ ತರಬೇತಿ' ಎಂದು ಫೈಲಿನ ಮೇಲೆ ಬರೆದರೆ ಸಾಕು, ತುಕ್ಕು ಕೂಡ ಪರಂಪರೆಯ ಲೆಕ್ಕಕ್ಕೆ ಬರುತ್ತದೆ.

ಕೆಲಸ ಶುರುವಾಗುವುದು ಜುಲೈನಲ್ಲಿ, ಏಕೆಂದರೆ ಉದ್ಘಾಟನೆ ಆಗಸ್ಟ್ 15ಕ್ಕೆ. ಉಕ್ಕಿಗೆ ತುಕ್ಕು ತಡೆಯುವ ಎಪಾಕ್ಸಿ ಬಣ್ಣ ಬಳಿಯಬೇಕಾದರೆ ಗಾಳಿಯ ತೇವಾಂಶ ಶೇ 85ರ ಒಳಗಿರಬೇಕು. ತಗಡಿನ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಮೇಲಿರಬೇಕು. ಮುಂಬಯಿಯ ಜುಲೈನಲ್ಲಿ ಒಗೆದ ಬನಿಯನ್ನೇ ನಾಲ್ಕು ದಿನ ಒಣಗುವುದಿಲ್ಲ. ಗ್ರಿಟ್ ಬ್ಲಾಸ್ಟಿಂಗ್ ಮಾಡಿ, ಅಂದರೆ ಒರಟು ಕಣಗಳನ್ನು ರಭಸದಿಂದ ಚಿಮ್ಮಿಸಿ ತುಕ್ಕು ಕಿತ್ತು, ಬೆಳ್ಳಗಾದ ಉಕ್ಕು, ಕೆಲಸದವರು ವಡಾಪಾವ್ ತಿಂದು ಬರುವಷ್ಟರಲ್ಲಿ ಮತ್ತೆ ಕೆಂಪು. ಅದರ ಮೇಲೆಯೇ ಬಣ್ಣ. ಗಣೇಶ ಚೌತಿಗೆ ಗುಳ್ಳೆ, ದೀಪಾವಳಿಗೆ ಸಿಪ್ಪೆ, ಮಾರ್ಚ್ ಕೊನೆಗೆ ಹೊಸ ಟೆಂಡರು.

ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. 10 ಮಿಲಿಮೀಟರ್ ತಗಡು ಏಳೂವರೆಗೆ ಇಳಿದಿದ್ದರೆ ಕತ್ತರಿಸಿ ಹೊಸದು ಬೆಸೆಯಬೇಕು. ಹೆಚ್ಚು ಸವೆಯುವುದು ನೀರಿನ ಗೆರೆಯ ಆಸುಪಾಸಿನಲ್ಲಿ ಮತ್ತು ತಳದಲ್ಲಿ ಬಿಲ್ಜ್ ನೀರು, ಅಂದರೆ ಒಳಗೆ ಸೋರಿ ಸೇರಿದ ಕೊಳೆನೀರು, ನಿಲ್ಲುವಲ್ಲಿ. ಅದನ್ನೆಲ್ಲ ನೋಡಲು ಡ್ರೈಡಾಕ್, ಅಂದರೆ ನೀರು ಬಸಿದು ಹಡಗನ್ನು ಒಣನೆಲಕ್ಕೆ ನಿಲ್ಲಿಸುವ ಕಟ್ಟೆ, ಬೇಕು. ಡ್ರೈಡಾಕಿಗೆ ದಿನದ ಲೆಕ್ಕದಲ್ಲಿ ಬಾಡಿಗೆ, ಮೇಲಾಗಿ ಅಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ. ಹೀಗಾಗಿ ಅಂದಾಜುಪಟ್ಟಿಯಲ್ಲಿ ನೀರಿನ ಗೆರೆಯ ಮೇಲೆ ಎಲ್‌ಇಡಿ ಸರ, ಸೆಲ್ಫಿ ಪಾಯಿಂಟ್, ಗ್ರಾನೈಟ್ ನೆಲ. ಗೆರೆಯ ಕೆಳಗೆ 'ಇತರೆ'.

ತಪ್ಪಿ ಡಾಕಿಗೆ ಏರಿಸಿದರೂ ಒಂದು ಸಾಹಸ ಖಾತ್ರಿ. ತಳಕ್ಕೆ ಅಂಟಿಸಿದ 'ಅನೋಡ್' ಎಂಬ ಸತುವಿನ ಗಟ್ಟಿಗಳಿಗೂ ನೀಟಾಗಿ ಬಣ್ಣ ಬಳಿಯುತ್ತಾರೆ. ತಾನು ಕರಗಿ ಉಕ್ಕನ್ನು ಕಾಯುವುದು ಸತುವಿನ ಕೆಲಸ. ಬಣ್ಣ ಮುಚ್ಚಿದರೆ ಸತು ಹೊಸದಾಗಿಯೇ ಉಳಿಯುತ್ತದೆ, ಉಕ್ಕು ಕರಗುತ್ತದೆ. ಮುಂದಿನ ತಪಾಸಣೆಯಲ್ಲಿ 'ಅನೋಡ್‌ಗಳು ಸುಸ್ಥಿತಿಯಲ್ಲಿವೆ' ಎಂಬ ಷರಾ ಬೀಳುತ್ತದೆ.

"ಅಡಿ ನೋಡದೆ ಮೇಲೆ ಗ್ರಾನೈಟ್ ಯಾಕೆ ಮಾರಾಯ್ರೆ?" ಅನ್ನುತ್ತಾರೆ ಮೀನುಬಂದರು ಸಸೂನ್ ಡಾಕಿನಿಂದ ಬಂದ ಮಲ್ಪೆಯ ತಾಂಡೇಲರು, ಅಂದರೆ ಮೀನುದೋಣಿಯ ಮುಖ್ಯಸ್ಥರು.

"ಮಂತ್ರಿಗಳು ಅಡಿಗೆ ಇಳಿಯುವುದಿಲ್ಲ ಅಣ್ಣ," ಅನ್ನುತ್ತಾನೆ ಗುತ್ತಿಗೆದಾರ.

ಗ್ರಾನೈಟ್ ಏರಿದಷ್ಟೂ ಗುರುತ್ವಕೇಂದ್ರ ಏರುತ್ತದೆ, ಹಡಗಿನ ಸ್ಥಿರತೆ ಇಳಿಯುತ್ತದೆ. ಇದನ್ನು ಪರೀಕ್ಷಿಸಲು ಡೆಕ್ಕಿನ ಮೇಲೆ ಗೊತ್ತಿರುವ ತೂಕವನ್ನು ಅತ್ತಿಂದಿತ್ತ ಸರಿಸಿ, ತೂಗುಗುಂಡು ಎಷ್ಟು ವಾಲಿತೆಂದು ಅಳೆಯಬೇಕು. ಸಮಿತಿ ಅದಕ್ಕೆ ಖರ್ಚು ಮಾಡುವುದಿಲ್ಲ. ಉದ್ಘಾಟನೆಯ ದಿನ ಗಣ್ಯರೆಲ್ಲ ಫೋಟೋಕ್ಕೆಂದು ಒಂದೇ ಬದಿಗೆ ನುಗ್ಗಿದಾಗ ಪರೀಕ್ಷೆ ಪುಕ್ಕಟೆ ಆಗಿಬಿಡುತ್ತದೆ. ತೂಗುಗುಂಡಿನ ಬದಲು ಕೋಕಂ ಶರಬತ್ತಿನ ಲೋಟಗಳು ಜಾರುತ್ತವೆ, ಅಷ್ಟೇ ವ್ಯತ್ಯಾಸ.

ಹಾಗೆಂದು ಹಡಗು ಉಳಿಸಿ ಕಲಿಸುವ ಈ ವಿದ್ಯೆ ಊರಿಗೆ ಹೊಸದಲ್ಲ. 1927ರಿಂದಲೇ ಇಲ್ಲಿ 'ಡಫರಿನ್' ಹಡಗಿನ ಮೇಲೆ ಹುಡುಗರು ಕಲಿತರು. 1972ರಲ್ಲಿ ಅದರ ಜಾಗಕ್ಕೆ 'ರಾಜೇಂದ್ರ' ಬಂತು. 1997ರಲ್ಲಿ ನಿವೃತ್ತವಾದ ವಿಮಾನವಾಹಕ ಯುದ್ಧನೌಕೆ 'ವಿಕ್ರಾಂತ್' ಹಲವು ವರ್ಷ ವಸ್ತುಸಂಗ್ರಹಾಲಯವಾಗಿ ನಿಂತು, 2014ರಲ್ಲಿ ಇಲ್ಲಿಯದೇ ಹಡಗು ಒಡೆಯುವ ಅಂಗಳ ದಾರುಖಾನಾದ ಗ್ಯಾಸ್ ಕಟರ್‌ಗೆ ಮೈಕೊಟ್ಟು, ಕಡೆಗೆ ಉಕ್ಕು ಕರಗಿ ಮೋಟರ್‌ಸೈಕಲ್ ಆಗಿ ಸಿಗ್ನಲ್ಲಿನಲ್ಲಿ ಕಾಯಿತು. ಅದೇ 1997ರಲ್ಲಿ ಗೋವಾ ಶಿಪ್‌ಯಾರ್ಡ್ ಕಟ್ಟಿದ 'ತರಂಗಿಣಿ', ಮೂರು ಪಟಸ್ತಂಭದ ತರಬೇತಿ ಹಡಗು, ನೌಕಾಪಡೆ ಸೇರಿತು. ಕೇಳಿ ತಿಳಿಯಬೇಕಾದರೆ ಗೋವಾಕ್ಕೆ ಮಾಂಡೋವಿ ಎಕ್ಸ್‌ಪ್ರೆಸ್ ಉಂಟು. ಆದರೆ ಅಧ್ಯಯನ ಪ್ರವಾಸವೆಂದರೆ ಯುರೋಪ್. ಮಡಗಾಂವ್‌ಗೆ ಹೋದರೆ ಎಷ್ಟು ಭತ್ಯೆ ಹುಟ್ಟೀತು?

ಇನ್ನು ತರಬೇತಿ. ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದ ಹಡಗು ಕಟ್ಟೆ ಬಿಡುವಂತಿಲ್ಲ, ಆದ್ದರಿಂದ ದಿಕ್ಸೂಚಿ ಪಾಠದಲ್ಲಿ ಉತ್ತರ ಯಾವತ್ತೂ ಒಂದೇ ಕಡೆ. ಗಂಟು ಹಾಕಲು ಉದ್ಘಾಟನೆಯ ಕೆಂಪು ಟೇಪು. ಇದ್ದದ್ದರಲ್ಲಿ ನೆಟ್ಟಗೆ ಓಡುವುದು ಬಿಲ್ಜ್ ಪಂಪ್ ಒಂದೇ, ಅದೂ ದಡದ ಕರೆಂಟಿನಲ್ಲಿ. ಬಿಲ್ ಕಟ್ಟದೆ ಕರೆಂಟು ಕತ್ತರಿಸಿದ ದಿನ ಹುಡುಗರು ಸಾಲಾಗಿ ನಿಂತು, ಮಂಡಿಯುದ್ದದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು 'ಪ್ರಾಯೋಗಿಕ ತರಗತಿ, 6 ಗಂಟೆ'.