ಮಲ್ಟಿವೇರಿಯಬಲ್ ಮುಹೂರ್ತ

ಸ್ಯಾನ್ ಫ್ರಾನ್ಸಿಸ್ಕೊದ ಎಂಟನೇ ಕ್ಲಾಸಿಗೆ ಆಲ್ಜೀಬ್ರಾ ವಾಪಸ್ ಬರುತ್ತಿದೆ, ಆರತಿ ಎತ್ತಿ. 2014ರಲ್ಲಿ ಅದನ್ನು ಗಡೀಪಾರು ಮಾಡಿ, ಎಲ್ಲರೂ ಒಂಬತ್ತರಲ್ಲೇ ಕಲಿಯಲಿ, ಸಮಾನತೆ ಬರಲಿ ಎಂದಿದ್ದರು. ಹತ್ತು ವರ್ಷ ಕಳೆದು, 2024ರಲ್ಲಿ, ಶಾಲಾ ಮಂಡಳಿಯೂ ಮತದಾರರೂ ಮನಸ್ಸು ಬದಲಾಯಿಸಿದರು. ನಡುವೆ ಏನಾಯಿತೆಂದು ಗೊತ್ತೇ ಇದೆ. ದುಡ್ಡಿದ್ದವರ ಮಕ್ಕಳು ಹೊರಗೆ ಫೀಸು ಕಟ್ಟಿ ಆಲ್ಜೀಬ್ರಾ ಮುಗಿಸಿಕೊಂಡರು. ಇಲ್ಲದವರ ಮಕ್ಕಳಿಗೆ ಸಮಾನತೆ ಸಿಕ್ಕಿತು.

ಅದೇ ಸೀಮೆಯ ಫ್ರೀಮಾಂಟ್, ಕ್ಯುಪರ್ಟಿನೊ ಊರುಗಳ ಕಡೆಯ ನಮ್ಮವರು ಇಂಥದ್ದಕ್ಕೆಲ್ಲ ಕಾಯುವವರಲ್ಲ. ಅವರದು ಹಿಂದಿನಿಂದ ಎಣಿಸುವ ಪಂಚಾಂಗ. 12ನೇ ಕ್ಲಾಸಿನಲ್ಲಿ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸು) ಕ್ಯಾಲ್ಕುಲಸ್ ಬೇಕೋ, 11ರಲ್ಲಿ ಪ್ರೀ-ಕ್ಯಾಲ್ಕುಲಸ್, 10ರಲ್ಲಿ ಆಲ್ಜೀಬ್ರಾ 2, 9ರಲ್ಲಿ ಜ್ಯಾಮಿಟ್ರಿ, 8ರಲ್ಲಿ ಆಲ್ಜೀಬ್ರಾ 1. ಎಪಿ ಕ್ಯಾಲ್ಕುಲಸ್ಸಿನಲ್ಲಿ ಎಬಿ, ಬಿಸಿ ಎಂದು ಎರಡು, ಬಿಸಿಯೇ ದೊಡ್ಡದು. ಆ ಬಿಸಿಯನ್ನು 11ರಲ್ಲೇ ಮುಗಿಸಿ 12ರಲ್ಲಿ ಮಲ್ಟಿವೇರಿಯಬಲ್‌ಗೆ (ಒಂದಕ್ಕಿಂತ ಹೆಚ್ಚು ಚರಾಕ್ಷರಗಳ ಕ್ಯಾಲ್ಕುಲಸ್) ಕೂರಬೇಕೋ, ಎಲ್ಲವೂ ಒಂದೊಂದು ವರ್ಷ ಹಿಂದಕ್ಕೆ. ಅಂದರೆ ಕೊನೆಯ ಹಾಲುಹಲ್ಲು ಉದುರುವ ಹೊತ್ತಿಗೆ ಮಗು ಯಾವ ಯೂನಿವರ್ಸಿಟಿಗೆ ತಕ್ಕದ್ದೆಂದು ತೀರ್ಮಾನವಾಗಿರಬೇಕು.

ಮುಹೂರ್ತ ತಪ್ಪಿದವರಿಗೆ ಬೇಸಿಗೆ ಜ್ಯಾಮಿಟ್ರಿ ಎಂಬ ಪರಿಹಾರವುಂಟು. ವರ್ಷದ ಪಾಠ ಆರೇಳು ವಾರದಲ್ಲಿ! ಊಟಕ್ಕೆ ಮುಂಚೆ ಸಮರೂಪ ತ್ರಿಭುಜ, ಕೈ ತೊಳೆದು ಬಂದರೆ ವೃತ್ತದ ಸ್ಪರ್ಶಕ. ಮೊದಲು ಕೈಬಿಡುವುದು ಪ್ರಮೇಯಗಳ ಸಾಧನೆಗಳನ್ನು, ಅಂದರೆ ಪ್ರೂಫ್‌ಗಳನ್ನು. ಸೂತ್ರ ಉಳಿಯುತ್ತದೆ, ಯಾಕೆ ಅನ್ನುವುದು ಹೋಗುತ್ತದೆ.

ಹೀಗೆ ಓಡಿಸಿದ್ದರ ಪೆಟ್ಟು ಬೀಳುವುದು ಕೆಲವು ವರ್ಷದ ಮೇಲೆ. ಎಪಿ ಎಬಿಯಲ್ಲಿ 8 ಘಟಕ, ಬಿಸಿಯಲ್ಲಿ 10. ಕೊನೆಯದು ಅನಂತ ಶ್ರೇಣಿ. ಅದನ್ನು ಪರೀಕ್ಷಿಸುವ ರೇಶಿಯೋ ಟೆಸ್ಟ್ ಎಂಬ ಸೂತ್ರ ಹುಡುಗನಿಗೆ ಬಾಯಿಪಾಠ, ಲಿಮಿಟ್ ಚಿಹ್ನೆ ಮುತ್ತಿನಂತೆ ಬರೆಯುತ್ತಾನೆ. ಆಮೇಲೆ (ಎನ್+1) ಫ್ಯಾಕ್ಟೋರಿಯಲ್ಲನ್ನು ಎನ್ ಫ್ಯಾಕ್ಟೋರಿಯಲ್ಲಿನಿಂದ ಭಾಗಿಸಬೇಕಾಗಿ ಬಂದಾಗ ಪೆನ್ಸಿಲ್ ನಿಂತುಬಿಡುತ್ತದೆ. ಉಳಿಯುವುದು ಬರೀ ಎನ್+1 ಕಣೋ! ಇದು ಕ್ಯಾಲ್ಕುಲಸ್ಸಿನ ಕಷ್ಟವಲ್ಲ, ಹಾರಿಸಿಕೊಂಡು ಬಂದ ಆಲ್ಜೀಬ್ರಾದ ಬಾಕಿ.

ಈ ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನ ಜಾಣ್ಮೆಯನ್ನೂ ಹೊಗಳಲೇಬೇಕು. 2023ರಲ್ಲಿ ಎಪಿ ಪ್ರೀ-ಕ್ಯಾಲ್ಕುಲಸ್ ತಂದರು. ನಾಲ್ಕು ಘಟಕ, ಪರೀಕ್ಷೆಗೆ ಮೂರೇ. ಪರೀಕ್ಷೆಗಿಲ್ಲದ ನಾಲ್ಕನೆಯದರಲ್ಲಿ ಏನಿದೆ? ವೆಕ್ಟರ್, ಮ್ಯಾಟ್ರಿಕ್ಸ್. ಪರೀಕ್ಷೆಯ ಮೇ ತಿಂಗಳು ಹತ್ತಿರ ಬಂದಾಗ ಅದನ್ನು ಯಾರು ಮುಟ್ಟುತ್ತಾರೆ? ಮಲ್ಟಿವೇರಿಯಬಲ್ ಪುಸ್ತಕ ತೆರೆದರೆ ಮೊದಲು ಕಾಣುವುದೇ ವೆಕ್ಟರ್.

ಆ ಮಲ್ಟಿವೇರಿಯಬಲ್ಲನ್ನು ಹಲವರು ಹೈಸ್ಕೂಲಿನಲ್ಲಿರುವಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ತೆಗೆದುಕೊಳ್ಳುತ್ತಾರೆ. ಅಲ್ಲಿ ಬಂದ 'ಸಿ' ಹೈಸ್ಕೂಲಿನ ಜೊತೆ ಮುಗಿಯುವುದಿಲ್ಲ, ಕಾಲೇಜಿನ ದಾಖಲೆಯಾಗಿ ಉಳಿಯುತ್ತದೆ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುವಾಗಲೂ ತೋರಿಸಬೇಕು. ಇನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಜಿಪಿಎ ಲೆಕ್ಕ ಹಾಕುವುದು 10 ಮತ್ತು 11ನೇ ಕ್ಲಾಸಿನ ಅಂಕಗಳಿಗೆ. 12ರ ಕೋರ್ಸು ಪಟ್ಟಿಯಲ್ಲಿ ಕಾಣುತ್ತದೆ, ಸರಿ. ಆ ಜಿಪಿಎಗೆ ಅದರಿಂದ ದಕ್ಕುವುದು ಸೊನ್ನೆ.

ಇಷ್ಟೆಲ್ಲ ಮಾಡಿ ಒಳಗೆ ಹೋದವರಿಗಾಗಿ ಹಾರ್ವರ್ಡ್ 2024ರಲ್ಲಿ ಹೊಸ ಕ್ಲಾಸ್ ತೆರೆಯಿತು: ಕ್ಯಾಲ್ಕುಲಸ್ ಜೊತೆಗೇ ಆಲ್ಜೀಬ್ರಾ ತಿದ್ದುವುದು, ವಾರಕ್ಕೆ ಐದು ದಿನ.

ನಗು ಬರುತ್ತಿಲ್ಲ. ಈ ದೇಶದ ಸುಮಾರು ಅರ್ಧ ಹೈಸ್ಕೂಲುಗಳಲ್ಲಿ ಕ್ಯಾಲ್ಕುಲಸ್ ಕ್ಲಾಸೇ ಇಲ್ಲ. ನಿಮ್ಮ ಶಾಲೆಯಲ್ಲಿ ಏನಿದೆಯೋ ಅದರ ಮೇಲೆ ಅಳೆಯುತ್ತೇವೆ ಎಂದು ಅಡ್ಮಿಶನ್ ಆಫೀಸಿನವರು ಹೇಳುತ್ತಾರೆ. ಎಲ್ಲವೂ ಇರುವ ಊರಿನ ಅಪ್ಪ ಅಮ್ಮ ಅದನ್ನು 'ಇರುವುದನ್ನೆಲ್ಲ ಮುಗಿಸಿ' ಎಂದು ಓದಿಕೊಳ್ಳುತ್ತಾರೆ. ಆರನೇ ಕ್ಲಾಸಿನ ಮಗು ರಾತ್ರಿ ಹತ್ತಕ್ಕೆ, ಮುಂದೆ ಯಾವ ಗಣಿತ ಕ್ಲಾಸೆಂದು ತೀರ್ಮಾನಿಸುವ ಪ್ಲೇಸ್‌ಮೆಂಟ್ ಟೆಸ್ಟಿಗೆಂದು, ಮೈನಸ್ಸಿಗೆ ಮೈನಸ್ ಗುಣಿಸುತ್ತಾ ತೂಕಡಿಸುತ್ತದೆ. ಮಲಗಿಸ್ರೀ ಅದನ್ನ.