ಫ್ರಿಜ್ಜಿನ ಮಾವಿನಹಣ್ಣು

1992ರಲ್ಲಿ ಮಧೂರಿನಲ್ಲಿ ಗಣಪತಿಯನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆ ಆದಾಗ ನಾವು ಹದಿಮೂರು ಜನ ಒಂದೇ ಮಾರುತಿ ವ್ಯಾನಿನಲ್ಲಿ ಹೋಗಿದ್ದೆವು. ಮಡಿಲ ಮೇಲಿದ್ದ ಮಕ್ಕಳ ಲೆಕ್ಕ ಬೇರೆ. ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮುಂದೆ ಕೂತಿದ್ದ ಮಾವ ಮಧೂರು ಮುಟ್ಟುವಾಗ ಅಪ್ಪದ ಹಾಗೆ ಹದವಾಗಿ ಬೆಂದಿದ್ದರು. ನನಗೆ ಮಾತ್ರ ಆವತ್ತೇ ಆ ಗಾಡಿಯ ಮೇಲೆ ಮೋಹ ಹುಟ್ಟಿತು.

ಮೊನ್ನೆ ಪೆರ್ಲದ ಆಚೆ ಒಬ್ಬರ ಹತ್ತಿರ 1991ರ ವ್ಯಾನ್ ಉಂಟು, 45,000 ಹೇಳ್ತಾರೆ ಎಂದು ಸುದ್ದಿ ಬಂತು. ಫೋನ್ ಮಾಡಿದೆ. "ವಿಂಟೇಜ್ ಗಾಡಿ ಮಾಷ್ಟ್ರೇ, ಈಗ ಸಿಕ್ಕುವುದಿಲ್ಲ" ಅಂದರು. ಕಾನೂನಿನ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಬೇಕು, 2021ರಲ್ಲೇ ನಿಯಮ ಬಂದಿದೆ. ಅಂಥ ಗಾಡಿಯನ್ನು ದಿನಾ ಓಡಿಸುವಂತೆಯೂ ಇಲ್ಲ. ಇದನ್ನು ಮನೆಯಲ್ಲಿ ಹೇಳಿದೆ. "ಹಾಗಾದರೆ ಓಡದೇ ಇರುವುದರಲ್ಲಿ ಮಾತ್ರ ಅದು ವಿಂಟೇಜ್" ಎಂದಳು ಹೆಂಡತಿ. ಸುಮ್ನೆ ಹೇಳಬಾರದಿತ್ತು.

ಹಳೇ ಗಾಡಿ ನೋಡಲು ಹೋಗುವಾಗ ಅಯಸ್ಕಾಂತ ಬೇಕು ಎಂದು ನನಗೆ ಗೊತ್ತಿತ್ತು. ತಗಡಿಗೆ ಅದು ಅಂಟುತ್ತದೆ, ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿಗೆ ಅಂಟುವುದಿಲ್ಲ. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಕರೆಂಟು ಬಿಲ್ ಹಿಡಿದುಕೊಂಡಿದ್ದ ಮಾವಿನಹಣ್ಣಿನ ಅಯಸ್ಕಾಂತವನ್ನು ಯಾರಿಗೂ ಹೇಳದೆ ಕಿಸೆಗೆ ಹಾಕಿಕೊಂಡೆ.

ಗಾಡಿ ಹೊಳೆಯುತ್ತಿತ್ತು. ಅಷ್ಟು ಹೊಳೆಯಬಾರದಿತ್ತು. ಹಿಂದಿನ ಚಕ್ರದ ಮೇಲೆ ಮಾವಿನಹಣ್ಣು ಇಟ್ಟೆ, ಉದುರಿತು. ಬಾಗಿಲಿನ ಕೆಳಗೆ ಇಟ್ಟೆ, ಉದುರಿತು. ಮಾಲಕರು ಪ್ರತಿ ಸಲವೂ ಬಗ್ಗಿ ಹೆಕ್ಕಿ ಕೊಟ್ಟರು, ಪಾಪ. ಕೊನೆಗೆ ಮಾಡಿನ ಮೇಲೆ ಟಪ್ಪೆಂದು ಕಚ್ಚಿಕೊಂಡಿತು. "ನೋಡಿ, ಎಂಥ ತಗಡು!" ಎಂದರು. ನನಗೂ ಎಷ್ಟು ಖುಷಿಯಾಯಿತೆಂದರೆ, ಅಲ್ಲೇ 2,000 ಅಡ್ವಾನ್ಸ್ ಕೊಟ್ಟುಬಿಟ್ಟೆ.

ಮರುದಿನ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ನನ್ನ ಹಳೇ ಶಿಷ್ಯ. ಗಣಿತದಲ್ಲಿ ಎಂದೂ ಹತ್ತರ ಮೇಲೆ ಅಂಕ ತೆಗೆದವನಲ್ಲ. ಅವನು ಹೊರಗಿನ ಹೊಳಪಿನ ಕಡೆ ತಿರುಗಿಯೂ ನೋಡಲಿಲ್ಲ, ಸೀದಾ ಸೀಟಿನ ಅಡಿಗೆ ಕೈ ಹಾಕಿದ. "ಎಂಜಿನ್ ಬಿಸಿ ಉಂಟಲ್ಲ?"

"ಈಗಷ್ಟೇ ಡೈರಿಗೆ ಹೋಗಿ ಬಂದೆ" ಎಂದರು ಮಾಲಕರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮಾತ್ರ ಎಂಜಿನ್ ನಿಜ ಹೇಳುವುದಂತೆ. ಕಾದೆವು. ಎರಡು ಗ್ಲಾಸ್ ಚಾ, ಅಡಿಕೆ ಕೊಳೆರೋಗದ ಮಾತು, ಹೆದ್ದಾರಿ 66ರ ಮಾತು ಎಲ್ಲ ಮುಗಿಯಿತು. ಆಮೇಲೆ ಚೋಕ್ ಎಳೆದು ಕೀ ತಿರುಗಿಸಿದ. ನಾಲ್ಕನೇ ಸಲಕ್ಕೆ ಹಿಡಿಯಿತು. ಹಿಂದಿನಿಂದ ನೀಲಿ ಹೊಗೆ ಬಂದು ಅಡಿಕೆ ಅಂಗಳವನ್ನು ತುಂಬಿತು. ಅವರ ನಾಯಿ ಸೀನಿ ಎದ್ದು ಹೋಯಿತು. ಹೊಗೆ ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಎಂದು ಅರ್ಥ, ಕಾರ್ಬ್ಯುರೇಟರ್ ಸರಿ ಮಾಡಿದರೆ ಸಾಕಾದೀತು. ನೀಲಿಯಾದರೆ ಆಯಿಲ್ಲೇ ಉರಿಯುತ್ತಿದೆ, ಎಂಜಿನ್ ಬಿಚ್ಚಬೇಕು. "ಸೊಳ್ಳೆ ಬರುವುದಿಲ್ಲ ಮಾರಾಯ್ರೇ" ಎಂದರು ಮಾಲಕರು.

ಶಿಷ್ಯ ರಬ್ಬರ್ ಮ್ಯಾಟ್ ಎತ್ತಿದ. ಅಡಿಯಲ್ಲಿ ಗರಿಕೆ ಹುಲ್ಲು ಕಾಣಿಸಿತು. ನಮ್ಮ ಮಳೆ, ಸಮುದ್ರದ ಉಪ್ಪುಗಾಳಿ ಎರಡೂ ಸೇರಿ ಮೂವತ್ತು ವರ್ಷ ತಗಡನ್ನು ನಿಧಾನವಾಗಿ ತಿಂದಿದ್ದವು.

"ಒಳಗೆ ನೀರು ನಿಲ್ಲುವ ರಗಳೆಯೇ ಇಲ್ಲ ಮಾಷ್ಟ್ರೇ," ಮಾಲಕರು ಇನ್ನೂ ಸೋತಿರಲಿಲ್ಲ.

"ತುಕ್ಕು ತೆಗೆದರೆ ಎಂತ ಉಳೀತದೆ?" ಎಂದು ಶಿಷ್ಯನನ್ನು ಮೆಲ್ಲಗೆ ಕೇಳಿದೆ.

"ತೆಗೀಬೇಡಿ ಮಾಷ್ಟ್ರೇ. ಗಾಡಿಯನ್ನು ಹಿಡ್ಕೊಂಡಿರುವುದೇ ಅದು."

ಸಿಗರೇಟ್ ಪ್ಯಾಕಿನ ಹಿಂದೆ ಎಸ್ಟಿಮೇಟ್ ಬರೆದ. ಟಿಂಕರಿಂಗ್, ಪೇಂಟ್ 40,000. ಎಂಜಿನ್ ಕೆಲಸ 22,000. ನಾಲ್ಕು ಟಯರ್ 12,000. ಬ್ರೇಕ್, ವಯರಿಂಗ್, ಚಿಲ್ಲರೆ 9,000. ಒಟ್ಟು 83,000. ತಪ್ಪು ಕೂಡಿಸಿರಬೇಕು ಎಂಬ ಆಸೆಯಿಂದ ನಾನು ಎರಡೆರಡು ಸಲ ಕೂಡಿಸಿ ನೋಡಿದೆ. ಜೀವಮಾನದಲ್ಲಿ ಮೊದಲ ಬಾರಿ ಅವನ ಲೆಕ್ಕ ಸರಿಯಾಗಿತ್ತು.

ಅದೂ ಕಾಗದಪತ್ರ ಬಿಟ್ಟು. ನಂಬರು ಕೆಎ 21, ಪುತ್ತೂರಿನದ್ದು. ನಾವಿರುವುದು ಗಡಿಯಿಂದ ಈಚೆ, ಕೇರಳದ ಕಾಸರಗೋಡಿನಲ್ಲಿ. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಕೆಎಲ್ 14 ಮಾಡಿಸಬೇಕು. ಆರ್‌ಸಿ ಬೇರೆ ಮುಗಿದಿತ್ತು. 20 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2025ರ ಆಗಸ್ಟಿನಿಂದ 10,000 ರೂಪಾಯಿ.

"ಅಡ್ವಾನ್ಸ್ ಏನೂ ಕೊಟ್ಟಿಲ್ವಲ್ಲ?" ಎಂದು ಶಿಷ್ಯ ಕೇಳಿದ. ನಾನು ನಾಯಿ ಎಲ್ಲಿ ಹೋಯಿತೆಂದು ಹುಡುಕತೊಡಗಿದೆ.

ಹಣದ ಬದಲು ಎರಡು ಕದಳಿ ಗೊನೆ ಸಿಕ್ಕಿತು. ಅವನ್ನು ನೋಡಿ ಹೆಂಡತಿ ಏನೂ ಅನ್ನಲಿಲ್ಲ. ಕರೆಂಟು ಬಿಲ್ ಯಾಕೆ ನೆಲದಲ್ಲಿ ಬಿದ್ದಿದೆ ಎಂದು ಮಾತ್ರ ಕೇಳಿದಳು. ಕಿಸೆ ತಡಕಿದೆ, ಖಾಲಿ.

ಹದಿನೈದು ದಿನ ಕಳೆದು ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ನೀಲಿ ಹೊಗೆ ಬಿಡುತ್ತಾ ಅದೇ ವ್ಯಾನು ಎದುರಿನಿಂದ ಹಾದುಹೋಯಿತು, ಯಾರೋ ಕೊಂಡಿದ್ದಾರೆ. ಮಾಡಿನ ಮೇಲೆ ನಮ್ಮ ಮಾವಿನಹಣ್ಣು ಗಟ್ಟಿಯಾಗಿ ಕೂತಿತ್ತು. ಹೆಂಡತಿ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.